ಗಾಳಿಗೆ ಆಡಿದ ಕತ್ತರಿ

ನನ್ನ ಕಟಿಂಗ್ ಅಂಗಡಿಗೆ ಮಗಳು ಬರುವುದು ಹೊಸದಲ್ಲ. ಶಾಲೆ ಬಿಟ್ಟ ಮೇಲೆ ಗೆಳತಿಯರ ಜೊತೆ ಕುಣಿದು ಕುಪ್ಪಳಿಸಿ, ಹೊಟ್ಟೆ ಚುರ್ ಅಂದಾಗ ಅಪ್ಪನ ನೆನಪಾಗುತ್ತಿತ್ತು ಅವಳಿಗೆ. ಈಚೆಗೆ ಬೆಲ್ ಹೊಡೆದ ಕೂಡಲೇ ನೆಟ್ಟಗೆ ಅಂಗಡಿಗೇ ಬರತೊಡಗಿದ್ದಳು. ನನ್ನ ಮೇಲೆ ಪ್ರೀತಿ ಉಕ್ಕಿದೆ ಅಂತ ಹಿಗ್ಗಿದ್ದೆ. ಅವಳ ಕಿವಿಯ ಹಿಂದೆ ಕೂದಲು ತೆಳ್ಳಗಾಗಿದ್ದೂ ಕಣ್ಣಿಗೆ ಬಿದ್ದಿತ್ತು. ಕಸುಬಿನವನ ಬುದ್ಧಿ ನೋಡಿ: ಎಣ್ಣೆ ಬದಲಾಯಿಸಿದೆ, ಶಾಂಪೂ ಬದಲಾಯಿಸಿದೆ, ಕೊನೆಗೆ ಬಾಚಣಿಗೆಯನ್ನೂ ಬದಲಾಯಿಸಿದೆ. ಮಗಳನ್ನು ಒಂದು ಮಾತು ಕೇಳೋಣ ಅಂತ ಮಾತ್ರ ಹೊಳೆಯಲಿಲ್ಲ.

ಅವತ್ತು ಬಂದವಳೇ ಬ್ಯಾಗು ಎಸೆದು ಕುರ್ಚಿ ಏರಿದಳು.

"ಅಪ್ಪ, ಕಟ್ ಮಾಡು. ಹುಡುಗರ ಥರ. ಮಶೀನ್ ಹಾಕ್ಬಿಡು."

ಸೊಂಟ ಮುಟ್ಟುವ ಜಡೆ. ತುದಿ ಕತ್ತರಿಸುತ್ತೇನೆಂದರೂ ರಂಪ ಮಾಡುತ್ತಿದ್ದ ಹುಡುಗಿ ಇವಳು.

ಮೂಲೆಯ ಬೆಂಚಿನಲ್ಲಿ ಪೇಪರ್ ತಾತ ಕೂತಿದ್ದರು. ತಲೆ ನುಣ್ಣಗಾಗಿ ಎಷ್ಟೋ ವರ್ಷವಾದರೂ ಪೇಪರ್ ಓದಲು ತಪ್ಪದೆ ಬರುವವರು. "ಕಟ್ ಮಾಡಿದ್ದನ್ನ ಬಿಸಾಡ್ಬೇಡಪ್ಪ, ನಂಗೆ ಅಂಟಿಸ್ಬಿಡು," ಎಂದರು. ಬೇರೆ ದಿನವಾಗಿದ್ದರೆ ಅವಳು ತಿರುಗೇಟು ಕೊಡದೆ ಬಿಡುತ್ತಿರಲಿಲ್ಲ. ಅವತ್ತು ತಿರುಗಿಯೂ ನೋಡಲಿಲ್ಲ.

"ಯಾಕಮ್ಮ ಇದ್ದಕ್ಕಿದ್ದ ಹಾಗೆ?"

"ಸೆಕೆ."

ಮುಂದೆ ಬಗ್ಗಿ ಮುಖ ನೋಡುತ್ತಾ ಕೇಳಿದೆ. "ಯಾರಾದ್ರೂ ಏನಾದ್ರೂ ಅಂದ್ರಾ?"

"ಸೆಕೆ ಅಂದ್ನಲ್ಲ!"

ತುಟಿ ಬಿಗಿದುಕೊಂಡಿತು. ಹೀಗೆ ಎದುರು ನಿಂತು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು. ಹಿಂದೆ ನಿಂತು ಕತ್ತರಿ ಆಡಿಸುತ್ತಿದ್ದರೆ, ಹೆಂಡತಿಗೆ ಹೇಳದ್ದನ್ನೂ ಜನ ನನ್ನ ಕನ್ನಡಿಗೆ ಹೇಳಿದ್ದಾರೆ.

ಬಿಳಿ ಬಟ್ಟೆ ಹೊದಿಸಿ, ಜಡೆ ಬಿಚ್ಚಿ, ನೀರು ಚಿಮುಕಿಸಿದೆ. ಕೂದಲಿಗೆ ತಾಗದಂತೆ, ಅವಳ ಬೆನ್ನ ಹಿಂದೆ ಬರಿ ಗಾಳಿಗೆ ಕತ್ತರಿ ಆಡಿಸತೊಡಗಿದೆ. ಚಕ್ ಚಕ್ ಚಕ್.

"ಹಿಂದಿನ ಬೆಂಚಿನವಳು ಎಳೀತಾಳೆ," ಎಂದಳು ಆಮೇಲೆ, ಕನ್ನಡಿಗೆ. "ಜಡೆ ಎಳೆದು 'ಟಿಣ್ ಟಿಣ್, ಬಸ್ ನಿಲ್ಸಿ' ಅಂತಾಳೆ. ನಾನು ಎದ್ದು ನಿಂತ್ಕೋಬೇಕು. ನಿಂತ್ರೆ ಎಲ್ರೂ ನಗ್ತಾರೆ. ನಿಲ್ಲದಿದ್ರೆ ಇನ್ನೂ ಜೋರಾಗಿ ಎಳೀತಾಳೆ."

"ಹ್ಞೂಂ." ಚಕ್ ಚಕ್.

"ದಿನಾ ಅಪ್ಪ."

ಈಗಲೇ ಶಟರ್ ಎಳೆದು ಆ ಹುಡುಗಿಯ ಮನೆಗೆ ಹೋಗಬೇಕು ಅನ್ನಿಸಿತು. 'ನೀನೂ ಎರಡು ಬಿಡ್ಬೇಕಿತ್ತು' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ತಾತ ಏನೋ ಹೇಳಲು ಬಾಯಿ ತೆರೆದರು. ಕನ್ನಡಿಯಲ್ಲಿ ನನ್ನ ಮುಖ ಕಂಡು ಪೇಪರ್ ಮೇಲೆತ್ತಿಕೊಂಡರು, ತಲೆಕೆಳಗಾಗಿ.

"ಹೇಳಿದ್ದು ಒಳ್ಳೇದಾಯ್ತು, ಪುಟ್ಟಿ. ನಿಂದೇನೂ ತಪ್ಪಿಲ್ಲ. ಜಡೆದೂ ತಪ್ಪಿಲ್ಲ."

"ಸ್ಕೂಲಿಗೆ ಬಂದು ಕೂಗಾಡ್ತೀಯಾ?"

"ಕೂಗಾಡ್ಬೇಕು ಅನ್ನಿಸ್ತಿದೆ."

"ಬೇಡಪ್ಪ. ನಿನ್ನ ಗಂಟಲು ಕೇಳಿದ್ರೆ ಅದನ್ನೂ ಅಣಕಿಸ್ತಾರೆ."

ಪೇಪರಿನ ಹಿಂದೆ ಕಿಸಕ್ಕೆಂದ ಸದ್ದಾಯಿತು.

"ಹಾಗಾದ್ರೆ ಏನು ಮಾಡೋಣ, ನೀನೇ ಹೇಳು. ಸುಮ್ನಿರೋದು ಮಾತ್ರ ನನ್ನಿಂದಾಗಲ್ಲ."

ಬಟ್ಟೆಯೊಳಗೆ ಕಾಲು ಆಡಿಸುತ್ತಾ ಯೋಚಿಸಿದಳು. "ಮಿಸ್ಸಿಗೆ ನಾನೇ ಹೇಳ್ತೀನಿ. ನೀನು ಹಿಂದೆ ನಿಂತ್ಕೋ. ಹೀಗೇ."

"ಮತ್ತೆ ಕೂದಲು?"

"ಒಂದೂ ಬಿದ್ದಿಲ್ಲ ಅಂತ ಗೊತ್ತು. ನೆಲ ಕಾಣುತ್ತೆ ನಂಗೆ." ಮೂಗು ಒರೆಸಿಕೊಂಡಳು. "ಇರ್ಲಿ ಬಿಡು."

ಮಾರನೇ ಬೆಳಿಗ್ಗೆ ಅಂಗಡಿ ತೆರೆಯದೆ ಅವಳ ಜೊತೆ ಹೋದೆ. ಟೀಚರ್ ನೋಟ್ಸ್ ತಿದ್ದುತ್ತಿದ್ದರು. ಮಗಳು ತಡವರಿಸುತ್ತಾ ಹೇಳಿದಳು. ಅವರು ತಲೆ ಎತ್ತದೆ, "ಮಕ್ಕಳ ಚೇಷ್ಟೆ, ಆಗ್ತಿರುತ್ತೆ ಕಣಮ್ಮ," ಎಂದರು.

ನನ್ನ ಬಾಯಿ ತೆರೆದೇಬಿಟ್ಟಿತ್ತು. 'ನೀನು ಹಿಂದೆ ನಿಂತ್ಕೋ' ಅಂದಿದ್ದು ನೆನಪಾಗಿ ಮುಚ್ಚಿಕೊಂಡು, ಅವಳ ಭುಜದ ಮೇಲೆ ಕೈ ಇಟ್ಟೆ.

ಅವಳು ಕಿವಿಯ ಹಿಂದಿನ ಕೂದಲು ಸರಿಸಿ ತೋರಿಸಿದಳು. "ಚೇಷ್ಟೆ ಆಗಿದ್ರೆ ನಂಗೂ ನಗು ಬರ್ಬೇಕಿತ್ತಲ್ವಾ ಮಿಸ್?"

ಟೀಚರ್ ಪೆನ್ನು ಕೆಳಗಿಟ್ಟರು. ಅಲ್ಲಿದ್ದ ಕೆಂಪು ಕಲೆಯನ್ನು ನೋಡಿ, ತಾವೇ ಒಂದು ಕುರ್ಚಿ ಎಳೆದು, "ಕೂತ್ಕೋ. ಮೊದಲಿಂದ ಹೇಳು," ಎಂದರು. ಅವಳು ಹೇಳಿ ಮುಗಿಸಿದ ಮೇಲೆ ನಾನು ಕೇಳಿದ್ದು ಇಷ್ಟೇ: ಇವತ್ತಿಂದ ಯಾರು ಎಲ್ಲಿ ಕೂರುತ್ತಾರೆ, ಆಟದ ಹೊತ್ತಿನಲ್ಲಿ ಯಾರು ನೋಡಿಕೊಳ್ಳುತ್ತಾರೆ, ನಾನು ಮತ್ತೆ ಯಾವತ್ತು ಬಂದು ವಿಚಾರಿಸಲಿ. ಮೂರಕ್ಕೂ ಉತ್ತರ ಸಿಕ್ಕಿತು.

ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ. ಬೆಂಚು ಬದಲಾಯಿತು, ಎಳೆದಾಟ ನಿಂತಿತು. 'ಟಿಣ್ ಟಿಣ್' ಮಾತ್ರ ಇನ್ನೂ ಯಾವುದೋ ಮೂಲೆಯಿಂದ ಆಗಾಗ ಕೇಳಿಸುತ್ತದಂತೆ. ಅದು ನನಗೆ ಗೊತ್ತಾಗುವುದು ಸಂಜೆ, ಅವಳು ಕುರ್ಚಿ ಏರಿ, ಬಿಳಿ ಬಟ್ಟೆ ತಾನೇ ಹೊದ್ದುಕೊಂಡು, "ಅಪ್ಪ, ಸದ್ದು ಮಾಡು," ಎಂದಾಗ.

ಮೊನ್ನೆ ಕಾದು ಕೂತಿದ್ದ ಗಿರಾಕಿಯೊಬ್ಬ ರೇಗಿದ. "ಇದೆಂಥ ಕಟಿಂಗ್ ರೀ, ಆಗ್ಲಿಂದ ನೋಡ್ತಿದೀನಿ, ಒಂದು ಕೂದಲೂ ಬೀಳ್ತಿಲ್ಲ!"

"ಸುಮ್ನೆ ಕೂತ್ಕೊಳ್ಳಪ್ಪ," ಎಂದರು ತಾತ, ಪೇಪರಿನ ಅರ್ಧ ಹಾಳೆಯನ್ನು ಅವನ ಕೈಗೆ ತುರುಕಿ. "ಆ ಹುಡುಗೀದು ಮುಗಿಯೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ."

ಚಕ್ ಚಕ್ ಚಕ್.

"ಇವತ್ತು ಏನಾಯ್ತು ಗೊತ್ತಾ ಅಪ್ಪ..."