ಅರ್ಧ ದಿನದ ಸಿಎಲ್

“ಹೊಟ್ಟೆನೋವು ಅಂತ ಬರೀರಿ ಅಕ್ಕ, ಕಣ್ಮುಚ್ಕೊಂಡು ಸಹಿ ಹಾಕ್ತೀನಿ,” ಎಂದು ಸೂಪರ್‌ವೈಸರು ರಜಾ ಅರ್ಜಿಯನ್ನು ಮೇಜಿನ ಮೇಲೆ ಅವಳ ಕಡೆಗೇ ತಳ್ಳಿದರು.

“ನಂಗೆ ಹೊಟ್ಟೆನೋವಿಲ್ಲ ಸಾರ್. ಗುರುವಾರ ಬೆಳಿಗ್ಗೆ ಡ್ರೈವಿಂಗ್ ಟೆಸ್ಟ್ ಇದೆ. ಅದನ್ನೇ ಬರ್ದಿದೀನಿ.”

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಂಥ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಅಲ್ಲಿ ಸಿಎಲ್, ಅಂದರೆ ಸಾಂದರ್ಭಿಕ ರಜೆ, ಬೇಕಾದವರಿಗೆಲ್ಲ ಬರುತ್ತಿದ್ದುದು ಹೊಟ್ಟೆನೋವೇ. ತಂಗಿಯ ಮದುವೆಗೂ ಹೊಟ್ಟೆನೋವು, ಮನೆ ಬದಲಾಯಿಸುವುದಕ್ಕೂ ಹೊಟ್ಟೆನೋವು. ಬಾಯ್ಲರ್ ನೋಡಿಕೊಳ್ಳುವವನು ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಹೊಟ್ಟೆನೋವೆಂದು ಬರೆದುಕೊಟ್ಟು, ಊದಿದ ಕೆನ್ನೆ ಹೊತ್ತು ಮರಳಿದ್ದ. ಕಾಯಿಲೆಯೆಂದರೆ ಮೇಲಿನವರು ಯಾಕೆ ಏನು ಎನ್ನುವುದಿಲ್ಲ. ಸೂಪರ್‌ವೈಸರು ಕೆಟ್ಟವರೇನೂ ಅಲ್ಲ, ಮೇಲಿನವರ ಹೆಸರೆತ್ತಿದರೆ ಬೆವರುವ ಜಾತಿ, ಅಷ್ಟೆ.

“ಸುಳ್ಳು ಬರ್ದು ಆ ದಿನದ ತಾರೀಕಿನ ಲೈಸೆನ್ಸ್ ತಂದ್ರೆ ಏನಾಗತ್ತೆ ಸಾರ್? ಹೊಟ್ಟೆನೋವಿನೋಳು ಗಾಡಿ ಓಡಿಸ್ತಿದ್ಲಾ ಅಂತ ಕೇಳಲ್ವಾ? ಆಮೇಲೆ ವ್ಯಾನ್ ಓಡ್ಸೋ ಕೆಲ್ಸ ನಂಗೆ ಸಿಕ್ಕ ಹಾಗೇ!”

ಇಸ್ತ್ರಿ ಅಕ್ಕ ಎಂದೇ ಎಲ್ಲರೂ ಕರೆಯುವ ಅವಳಿಗೆ ಬೇಕಿದ್ದದ್ದು ಆ ವ್ಯಾನ್. ಒಗೆದ ಬಟ್ಟೆಯನ್ನು ಊರಾಚೆಯ ಚಿಕ್ಕ ಆಸ್ಪತ್ರೆಗಳಿಗೆ ಮುಟ್ಟಿಸುವ ವ್ಯಾನಿನ ಡ್ರೈವರಣ್ಣ ಈ ತಿಂಗಳ ಕೊನೆಗೆ ನಿವೃತ್ತನಾಗುತ್ತಿದ್ದ. ಸಂಜೆ ಹೊತ್ತು ಹಿಂದಿನ ಅಂಗಳದಲ್ಲಿ ಅವಳಿಗೆ ಗಾಡಿ ಕಲಿಸಿದವನೂ ಅವನೇ. ಅಷ್ಟರೊಳಗೆ ಲೈಸೆನ್ಸ್ ಕೈಗೆ ಬಂದರೆ ಆ ಜಾಗ ಅವಳಿಗೆ ಸಿಗಬಹುದು. ಗುರುವಾರ ತಪ್ಪಿದರೆ ಮುಂದಿನ ಟೆಸ್ಟ್ ಮುಂದಿನ ತಿಂಗಳು, ಆ ಹೊತ್ತಿಗೆ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಹಬೆಯ ಇಸ್ತ್ರಿ ಯಂತ್ರದ ಮುಂದೆ ನಿಂತು ನಿಂತು ಅವಳ ಮಣಿಕಟ್ಟುಗಳು ಬೆಳಿಗ್ಗೆ ಚೊಂಬು ಎತ್ತಲೂ ಒಪ್ಪುತ್ತಿರಲಿಲ್ಲ. ಇನ್ನೆಷ್ಟು ವರ್ಷ ಅಲ್ಲಿ ಬೇಯುವುದು? ಸಾಕಾಗಿತ್ತು ಅವಳಿಗೆ.

“ನೋಡಿ ಅಕ್ಕ, ಸಿಎಲ್ ಅಂದ್ರೆ ಹಕ್ಕಲ್ಲ. ಕೊಟ್ರೆ ಉಂಟು, ಇಲ್ದಿದ್ರೆ ಇಲ್ಲ,” ಎಂದರು ಸೂಪರ್‌ವೈಸರು.

“ವರ್ಷವಿಡೀ ಒಂದೂ ತಗೊಂಡಿಲ್ಲ ಸಾರ್. ಹೋದ್ವರ್ಷದ್ದೂ ಹಾಗೇ ಹಾಳಾಯ್ತು. ಉಳಿದಿದ್ದು ಮುಂದಿನ ವರ್ಷಕ್ಕೆ ಬರಲ್ಲ ಅಂತ ನೀವೇ ಹೇಳ್ತೀರಿ. ಈಗ ಕೇಳ್ತಿರೋದೂ ಅರ್ಧ ದಿನ.”

“ಬೇರೆ ದಿನ ಆಗಿದ್ರೆ ಕೊಡ್ತಿದ್ದೆ. ಗುರುವಾರ ಆಪರೇಷನ್ ದಿನ. ಕಾಯಿಲೆ ಅಂದ್ರೆ ಯಾರ ತಪ್ಪೂ ಅಲ್ಲ. ಗಾಡಿ ಓಡ್ಸೋಕೆ ಕಳಿಸ್ದೆ ಅಂದ್ರೆ ತಪ್ಪು ನಂದೇ. ಹಸಿರು ಬಟ್ಟೆ ಯಾರು ಮಡಚ್ತಾರೆ? ನಿಮ್ಗೊಬ್ರಿಗೇ ತಾನೆ ಬರೋದು? ಇನ್ನೊಬ್ಬರನ್ನ ತೋರ್ಸಿ, ನಿಜ ಬರ್ದ್ರೂ ಸಹಿ ಹಾಕ್ತೀನಿ.”

ಅವಳು ಅರ್ಜಿಯನ್ನು ಅಲ್ಲೇ ಬಿಟ್ಟು ಯಂತ್ರದ ಕಡೆಗೆ ನಡೆದಳು.

ಆಪರೇಷನ್ ಕೋಣೆಯ ಹಸಿರು ಬಟ್ಟೆಯನ್ನು ಎಲ್ಲ ಬಟ್ಟೆಗಳ ಹಾಗೆ ಮಡಚುವಂತಿಲ್ಲ. ಕೈ ತೊಳೆದು ನಿಂತ ನರ್ಸು ಒಂದು ತುದಿಯನ್ನಷ್ಟೇ ಹಿಡಿದು ಎಳೆದರೆ ಇಡೀ ಬಟ್ಟೆ ಒಂದೇ ಸಲಕ್ಕೆ ಬಿಚ್ಚಿಕೊಳ್ಳಬೇಕು. ನೆಲಕ್ಕೆ ತಾಗಿದರೆ ಮತ್ತೆ ಒಗೆಯುವುದೇ. ಹಿಂದೆ ಇದ್ದ ಒಬ್ಬ ಹಿರಿಯ ನರ್ಸು ಅದನ್ನು ಇಸ್ತ್ರಿ ಅಕ್ಕನಿಗೆ ಕಲಿಸಿದ್ದರು. ಅವಳು ಯಾರಿಗೂ ಕಲಿಸಿರಲಿಲ್ಲ. ಕಲಿಸುವುದಿರಲಿ, ಮಡಚುವಾಗ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದಳು. ನಾನಿಲ್ಲದಿದ್ದರೆ ಈ ಆಸ್ಪತ್ರೆಯಲ್ಲಿ ಚಾಕು ಏಳುವುದಿಲ್ಲ ಎಂಬ ಹಮ್ಮು ಅವಳಿಗೆ ಚೆನ್ನಾಗಿಯೇ ಇತ್ತು. ಆ ಹಮ್ಮೇ ಈಗ ಬಾಗಿಲಿಗೆ ಅಡ್ಡ ನಿಂತಿತ್ತು.

ಕಲಿಯುವಷ್ಟು ಚುರುಕಾದ ಕೈ ಇದ್ದದ್ದು ಒಬ್ಬಳಿಗೇ, ರೇಡಿಯೋಗೆ. ಬಾಯಿಗೆ ಬಿಡುವಿಲ್ಲದ್ದಕ್ಕೆ ಬಂದ ಹೆಸರು ಅದು. “ಬೆನ್ನು ತಿರುಗ್ಸಿ ಮಡಚ್ತಾಳೆ, ಬಂಗಾರ ಬಚ್ಚಿಟ್ಟ ಹಾಗೆ!” ಎಂದು ಅವಳು ಒಮ್ಮೆ ಎಲ್ಲರೆದುರು ಆಡಿದ ದಿನದಿಂದ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಟ್ರಾಲಿ ಬೇಕಿದ್ದರೂ, “ಯಾರೋ ಟ್ರಾಲಿ ಹಿಡ್ಕೊಂಡು ನಿಂತಿದಾರೆ,” ಎಂದು ಒಬ್ಬಳು ಒಗೆಯುವ ಯಂತ್ರಕ್ಕೆ ಹೇಳುವುದು, “ಬೇಕಾದೋರು ಬಂದು ತಗೊಳ್ಲಿ,” ಎಂದು ಇನ್ನೊಬ್ಬಳು ಗೋಡೆಗೆ ಉತ್ತರಿಸುವುದು.

ಊಟದ ಹೊತ್ತಿಗೆ ಇಸ್ತ್ರಿ ಅಕ್ಕ ಒಂದು ಹಸಿರು ಬಟ್ಟೆ ಹೆಗಲಿಗೆ ಹಾಕಿಕೊಂಡು ರೇಡಿಯೋ ಎದುರು ನಿಂತಳು.

“ಇದನ್ನ ಮಡಚೋದು ಕಲೀಬೇಕಂತೆ,” ಎಂದಳು, ನೋಟ ಮಾತ್ರ ಕಿಟಕಿಯ ಕಡೆಗೆ.

“ಯಾರಿಗೆ ಹೇಳ್ತಿದೀಯ? ಕಿಟಕಿಗಾ?”

“ನಿಂಗೇ ಕಣೇ.”

“ನಂಗೆ ಅಂದ್ರೆ ನನ್ನ ಮುಖ ನೋಡಿ ಹೇಳು.”

ಇಸ್ತ್ರಿ ಅಕ್ಕ ಕಿಟಕಿಯಿಂದ ಕಣ್ಣು ಕಿತ್ತು ಅವಳ ಮುಖ ನೋಡಿದಳು. ಟೆಸ್ಟು, ವ್ಯಾನು, ಮಣಿಕಟ್ಟು ಎಲ್ಲವನ್ನೂ ಹೇಳಿದಳು. ರೇಡಿಯೋ ಜನ್ಮದಲ್ಲಿ ಮೊದಲ ಸಲ ಮಧ್ಯೆ ಬಾಯಿ ಹಾಕದೆ ಕೇಳಿದಳು.

“ನೀನು ಹೊರಗೆ ಗಾಳೀಲಿ ಓಡಾಡ್ತೀಯ, ನಾನಿಲ್ಲಿ ನಿನ್ನ ಹಸಿರು ಬಟ್ಟೆ ಹೊತ್ಕೊಂಡು ಸಾಯೋದಾ?” ಎಂದಳು ಕೊನೆಗೆ. ಆಮೇಲೆ ಕೈಯೊರೆಸಿಕೊಂಡು, “ಕೊಡು ಇಲ್ಲಿ,” ಎಂದಳು.

ಮೊದಲ ಸಲ ಬಟ್ಟೆ ಮುದ್ದೆಯಾಗಿ ನೆಲಕ್ಕೆ ಬಿತ್ತು. ಎರಡನೆಯ ಸಲವೂ ಬಿತ್ತು. ಉದ್ದದ ಮಡಿಕೆ, ಅಡ್ಡದ ಮಡಿಕೆ ಎಲ್ಲ ರೇಡಿಯೋಗೆ ಬೇಗನೆ ಹತ್ತಿದರೂ ಎಳೆದಾಗ ಬಟ್ಟೆ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ಯಾಕೆಂದು ಇಸ್ತ್ರಿ ಅಕ್ಕನಿಗೆ ಗೊತ್ತು. ಕೊನೆಯ ಸುತ್ತಿಗೆ ಮುಂಚೆ ತುದಿಯನ್ನು ಹೆಬ್ಬೆರಳಿನಿಂದ ಒಳಗಿಂದ ಹೊರಕ್ಕೆ ಮಗುಚಬೇಕು. ಅದೊಂದನ್ನು ಅವಳಿನ್ನೂ ಹೇಳಿರಲಿಲ್ಲ. ಹೇಳಿಬಿಟ್ಟರೆ ತನ್ನದು ಅಂತ ಏನು ಉಳಿಯಿತು? ಟೆಸ್ಟಿನಲ್ಲಿ ಫೇಲಾಗಿ ಬಂದರೆ ಈ ಯಂತ್ರದ ಮುಂದೆ ತಾನು ಯಾರು? ಅರ್ಜಿಯಲ್ಲಿ ಬರೆಯದ ಹೊಟ್ಟೆನೋವು ಈಗ ನಿಜವಾಗಿಯೇ ಬಂದಂತಿತ್ತು.

“ನನ್ನ ಕೈಗೆ ಹತ್ತಲ್ಲ ಬಿಡು,” ಎಂದಳು ರೇಡಿಯೋ, ಬಟ್ಟೆ ಎತ್ತಿಕೊಳ್ಳುತ್ತಾ.

“ಹತ್ತತ್ತೆ,” ಎಂದು ಇಸ್ತ್ರಿ ಅಕ್ಕ ಅವಳ ಕೈ ಹಿಡಿದಳು. “ನಾನೇ ಒಂದು ಹೇಳಿರ್ಲಿಲ್ಲ. ನನ್ನ ಹೆಬ್ಬೆರಳು ನೋಡು.”

ರೇಡಿಯೋ ಹೆಬ್ಬೆರಳನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. ಆಮೇಲೆ ಬಟ್ಟೆಯನ್ನು ಮತ್ತೆ ಮಡಚಿದಳು. ಈ ಸಲ ತುದಿ ಎಳೆದಾಗ ಬಟ್ಟೆ ಗಾಳಿಯಲ್ಲಿ ಪೂರ್ತಿ ಹರಡಿ ನಿಂತಿತು.

ಮಾರನೆಯ ದಿನ ಸೂಪರ್‌ವೈಸರು ರೇಡಿಯೋ ಮಡಚಿದ ಬಟ್ಟೆಯನ್ನು ತಾವೇ ಎಳೆದು ನೋಡಿದರು. ನಂಬಿಕೆ ಬಾರದೆ ಇನ್ನೊಂದನ್ನು ಎಳೆದರು. ನಂತರ ಅರ್ಜಿಗೆ ಸಹಿ ಹಾಕಿ, “ಮಧ್ಯಾಹ್ನದ ಊಟ ಮುಗಿಯೋ ಹೊತ್ಗೆ ಇಲ್ಲಿರ್ಬೇಕು. ತಡ ಆದ್ರೆ ಪೂರ್ತಿ ದಿನ ಬರ್ಕೊಳ್ತೀನಿ,” ಎಂದು ಗದರಿದರು. ಗದರದೆ ಸಹಿ ಹಾಕುವುದು ಅವರಿಗೆ ಬರುತ್ತಿರಲಿಲ್ಲ.

ಗುರುವಾರ ಟೆಸ್ಟಿನ ಮೈದಾನದಲ್ಲಿ ಅವಳ ಹಿಂದೆ ಮುಂದೆ ನಿಂತಿದ್ದವರೆಲ್ಲ ಮೀಸೆ ಮೂಡುತ್ತಿದ್ದ ಹುಡುಗರು. “ಮಗನ ಜೊತೆ ಬಂದಿರಾ ಅಮ್ಮ?” ಎಂದರು ಇನ್ಸ್‌ಪೆಕ್ಟರು. “ನನ್ನ ಜೊತೆಗೇ ಬಂದಿದೀನಿ,” ಎಂದು ಅವಳು ಸೀಟು ಮುಂದಕ್ಕೆಳೆದು ಕೂತಳು. ಹಿಂದಕ್ಕೆ ಬಿಡುವಾಗ ಗಾಡಿ ಒಮ್ಮೆ ಕೆಮ್ಮಿ ನಿಂತಿತು. ಇಷ್ಟು ಮಾಡಿ ಬಂದವಳು ಇಲ್ಲಿ ಇಳಿದು ಹೋಗುವುದೇ? ಮತ್ತೆ ಕೀಲಿ ತಿರುಗಿಸಿ, ಕಂಬಗಳ ನಡುವೆ ಒಂದನ್ನೂ ತಾಗಿಸದೆ ಹಿಂದಕ್ಕೆ ಬಂದು ನಿಲ್ಲಿಸಿದಳು. ಪಾಸೆಂದು ತಿಳಿದಾಗ ಯಾರಿಗೆ ಹೇಳುವುದೆಂದು ತಿಳಿಯದೆ ಗೇಟಿನ ಕಾವಲುಗಾರನಿಗೇ ಹೇಳಿದಳು. ಬಸ್ಸಿನಲ್ಲಿ ಕೂತ ಮೇಲೆ ಖುಷಿಗೆ ಕಣ್ಣು ಒದ್ದೆಯಾಯಿತು.

ಊಟ ಮುಗಿಯುವ ಮುಂಚೆಯೇ ಅವಳು ಆಸ್ಪತ್ರೆ ತಲುಪಿದಳು. ಒಳಗೆ ಯಂತ್ರಗಳು ಎಂದಿನಂತೆ ಗುಡುಗುತ್ತಿದ್ದವು. ಬೆಳಿಗ್ಗೆ ಯಾರೂ ಅವಳನ್ನು ಹುಡುಕಿರಲಿಲ್ಲ, ಆಪರೇಷನ್ ಕೋಣೆಯಿಂದ ಒಂದು ದೂರೂ ಬಂದಿರಲಿಲ್ಲ. ಅದು ಅವಳಿಗೆ ಸಮಾಧಾನವನ್ನೂ ತಂದಿತು, ಚುಚ್ಚಿತು ಕೂಡ. ಕಪಾಟಿನಲ್ಲಿ ಸಂಜೆಯ ಪಾಳಿಗೆಂದು ಹಸಿರು ಬಟ್ಟೆಗಳು ಸಾಲಾಗಿ ಕೂತಿದ್ದವು. ಮೇಲಿನದರ ತುದಿ ಹಿಡಿದು ಎಳೆದಳು. ಬಟ್ಟೆ ಎಲ್ಲೂ ಸಿಕ್ಕಿಕೊಳ್ಳದೆ ಬಿಚ್ಚಿಕೊಂಡಿತು.

“ಆಯ್ತಾ?” ಎಂದಳು ರೇಡಿಯೋ ಹಿಂದಿನಿಂದ.

“ಆಯ್ತು.”

“ನಂಗೊತ್ತಿತ್ತು. ಸರಿ, ಮಡಚಿಟ್ಟಿದ್ದನ್ನ ಬಿಚ್ಚಿದೀಯಲ್ಲ, ಈಗ ಯಾರು ಮಡಚ್ತಾರೆ?”

ಇಸ್ತ್ರಿ ಅಕ್ಕ ಬಟ್ಟೆಯನ್ನು ಅವಳ ಕೈಗಿತ್ತಳು. ರೇಡಿಯೋ ಎಲ್ಲರ ಕಡೆಗೂ ಮುಖ ಮಾಡಿ ನಿಂತು, ಬಾಯಿ ತುಂಬ ಮಾತಾಡುತ್ತಲೇ ಮಡಚತೊಡಗಿದಳು. ಕೊನೆಯ ಸುತ್ತು ಬಂದಾಗ, ಕೈ ಖಾಲಿಯಿದ್ದರೂ, ಇಸ್ತ್ರಿ ಅಕ್ಕನ ಹೆಬ್ಬೆರಳು ತಾನಾಗಿ ಒಮ್ಮೆ ಹೊರಕ್ಕೆ ಮಗುಚಿಕೊಂಡಿತು.