ಮಣ್ಣು ಮಾಡಿದ ದಿನದ ಮಾತು

"ಅವತ್ತು ಚಹಾ ಬಗ್ಗಿಸಿದ್ದು ನೀವೇ ಅಲ್ವಾ, ಮಿಸೆಸ್ ಪ್ರಾಸರ್?"

"ನಾನೇ. ಸತ್ತಿದ್ದು ನನ್ನ ಗಂಡ. ಇನ್ಯಾರು ಬಗ್ಗಿಸ್ತಾರೆ?"

ಕಾರ್ಡಿಫ್ ನ್ಯಾಯಾಲಯದ ಸಾಕ್ಷಿಕಟ್ಟೆಯಿಂದ ಡೆಲಿತ್ ಹೀಗೆಂದಾಗ ಹಿಂದಿನ ಬೆಂಚುಗಳಲ್ಲಿ ಸಣ್ಣಗೆ ನಗೆಯೆದ್ದಿತು. ಅಲ್ಲಿ ಕೂತವರೆಲ್ಲ ಅವಳ ಊರು ಬ್ರಿನ್‌ಹೆಲಿಯವರು. ಊರ ರಗ್ಬಿ ತಂಡದ ಕಡುಗೆಂಪು ಮಫ್ಲರ್ ಸುತ್ತಿಕೊಂಡು, ಪಂದ್ಯಕ್ಕೆ ಹೊರಟವರ ಹಾಗೆ ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದರು.

ಪ್ರಶ್ನೆ ಕೇಳುತ್ತಿದ್ದವಳು ರಗ್ಬಿ ಮಂಡಳಿಯ ವಕೀಲೆ. ದುಡ್ಡು ಸಾಲದು, ವೃತ್ತಿಪರ ತಂಡಗಳಲ್ಲಿ ಒಂದನ್ನು ಮುಚ್ಚಬೇಕು ಎಂದು ಮಂಡಳಿ ತೀರ್ಮಾನಿಸಿತ್ತು. ಯಾವುದನ್ನು ಎಂದು ಯೋಚಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ಬ್ರಿನ್‌ಹೆಲಿಯ ಗಣಿ ಮುಚ್ಚಿದ್ದಾಗಿತ್ತು, ಉಕ್ಕಿನ ಕಾರ್ಖಾನೆ ಮುಚ್ಚಿದ್ದಾಗಿತ್ತು. ಆ ಕಣಿವೆಯಲ್ಲಿ ಏನನ್ನಾದರೂ ಮುಚ್ಚುವುದು ದೊಡ್ಡವರಿಗೆ ರೂಢಿಯಾಗಿಬಿಟ್ಟಿತ್ತು. ಈ ಸಲ ಮಾತ್ರ ಊರವರು ತೆಪ್ಪಗೆ ಕೂರದೆ ಕೋರ್ಟು ಹತ್ತಿದರು.

ಅವರ ಕೈಯಲ್ಲಿದ್ದದ್ದು ಒಂದೇ ಒಂದು ಮಾತು. ಹಿಂದಿನ ವರ್ಷ ಡೆಲಿತ್‌ಳ ಗಂಡ ಎಲ್ವೆಡ್ ತೀರಿಕೊಂಡಾಗ ಮಂಡಳಿಯ ಅಧ್ಯಕ್ಷ ಮೆರಿಡಿತ್ ತಾನೇ ಮಣ್ಣಿಗೆ ಬಂದಿದ್ದ. ಎಲ್ವೆಡ್ ಅಂದರೆ ಸುಮ್ಮನೆಯೇ, ಬ್ರಿನ್‌ಹೆಲಿಗೆ ರಗ್ಬಿ ಕಪ್ಪು ಗೆದ್ದುಕೊಟ್ಟ ನಾಯಕ. ಆಟ ಬಿಟ್ಟ ಮೇಲೂ ಸಾಯುವ ತನಕ ಅಲ್ಲಿಯ ತರಬೇತುದಾರ. ಮಣ್ಣು ಮುಗಿಸಿ ಎಲ್ಲರೂ ಪ್ರಾರ್ಥನಾಮಂದಿರದ ಹಿಂದಿನ ಹಜಾರದಲ್ಲಿ ಚಹಾ ಕುಡಿಯುವಾಗ ಮೆರಿಡಿತ್, ಎಲ್ವೆಡ್‌ನ ತಮ್ಮ ಯೋರ್ವರ್ತ್‌ನ ಕೈ ಹಿಡಿದು, "ನಾನು ಕುರ್ಚಿಯಲ್ಲಿರೋ ತನಕ ನಿಮ್ಮ ತಂಡಕ್ಕೆ ಯಾರೂ ಕೈ ಹಚ್ಚಲ್ಲ" ಎಂದಿದ್ದ. ಯೋರ್ವರ್ತ್ ಕ್ಲಬ್ಬಿನ ಅಧ್ಯಕ್ಷ. ಅದೇ ಮಾತನ್ನು ನಂಬಿ, ಪಕ್ಕದ ಊರಿನ ತಂಡದ ಜೊತೆ ಸೇರಿಕೊಳ್ಳುವ ಅವಕಾಶ ಬಂದಾಗ ಬೇಡವೆಂದಿದ್ದ. ಈಗ ಮೆರಿಡಿತ್‌ಗೆ ಏನೂ ನೆನಪಿಲ್ಲ. ಆ ಹೊತ್ತಿನಲ್ಲಿ ಚಹಾ ಪಾತ್ರೆ ಹಿಡಿದು ಪಕ್ಕದಲ್ಲೇ ನಿಂತಿದ್ದವಳು ಡೆಲಿತ್.

ಕಿವಿಯಾರೆ ಕೇಳಿದ್ದನ್ನು ಅವಳು ಆಗಲೇ ತಡವರಿಸದೆ ಹೇಳಿಯಾಗಿತ್ತು. ನ್ಯಾಯಾಧೀಶರು ಬರೆದುಕೊಂಡಿದ್ದರು. ಯೋರ್ವರ್ತ್ ಬೆಂಚಿನಲ್ಲಿ ಅರ್ಧ ಗೆದ್ದವನಂತೆ ಕೂತಿದ್ದ. ವಕೀಲೆ ಈಗ ಇನ್ನೆಲ್ಲಿಂದಲೋ ಶುರುಮಾಡಿದ್ದಳು.

"ಮಣ್ಣಿನ ದಿನದ ಚಹಾದಲ್ಲಿ ನಿಮ್ಮಲ್ಲಿ ಒಂದು ಪದ್ಧತಿ ಇದೆಯಂತೆ. ಒಬ್ಬೊಬ್ಬರೂ ಎದ್ದು..."

"ಹೋದವರ ಬಗ್ಗೆ ಒಂದೊಂದು ಒಳ್ಳೆ ಮಾತು ಹೇಳ್ಬೇಕು. ಹೇಳದೆ ಯಾರೂ ಕಪ್ಪು ಮುಟ್ಟೋ ಹಾಗಿಲ್ಲ."

"ಅವತ್ತು ನಿಮ್ಮ ಮೈದುನ ಏನು ಹೇಳಿದ್ರು?"

ಡೆಲಿತ್ ಕಟ್ಟೆಯ ಅಂಚು ಹಿಡಿದುಕೊಂಡಳು. "ನಮ್ಮಣ್ಣ ಮನೇಲಿ ಯಾವತ್ತೂ ದನಿ ಎತ್ತಿದೋನಲ್ಲ ಅಂದ."

"ಅದು ನಿಜವೇ?"

ಕ್ಲಬ್ಬಿನ ವಕೀಲ ಎದ್ದು ಆಕ್ಷೇಪಿಸಿದ. ಇದಕ್ಕೂ ದಾವೆಗೂ ಏನು ಸಂಬಂಧ ಎಂದ. ಅಂಥ ಕಡೆ ಆಡಿದ ಮಾತಿಗೆ ಎಷ್ಟು ತೂಕ ಅನ್ನುವುದೇ ದಾವೆ ಎಂದಳು ವಕೀಲೆ. ಸಾಕ್ಷಿ ಉತ್ತರಿಸಲಿ ಎಂದರು ನ್ಯಾಯಾಧೀಶರು.

ಡೆಲಿತ್ ಯೋರ್ವರ್ತ್‌ನ ಕಡೆ ನೋಡಿದಳು. ಅವನಿಗೆ ಗೊತ್ತಿತ್ತು. ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಮನೆಗೆ ಬಂದು, ಮುರಿದ ಅಡುಗೆಮನೆಯ ಬಾಗಿಲನ್ನು ಮತ್ತೆ ಕೀಲುಗಳಿಗೆ ಕೂರಿಸಿ, ಅವಳ ಊದಿದ ಮುಖದ ಕಡೆ ನೋಡದೆ ಹೋದವನು ಅವನೇ. ಈಗಲೂ ಹೌದು ಅನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಹೌದು ಅಂದರೆ ಆಯಿತು. ತಂಡ ಉಳಿದರೆ ಅವಳಿಗಿಂತ ಹೆಚ್ಚು ಖುಷಿಪಡುವವರು ಯಾರಿದ್ದರು? ಮೈದಾನದ ಒಗೆಯುವ ಕೋಣೆಯಲ್ಲಿ ಆಟಗಾರರ ಅಂಗಿಗಳ ಕೆಸರು ತಿಕ್ಕುತ್ತಲೇ ಅವಳ ಕೂದಲು ಬೆಳ್ಳಗಾಗಿತ್ತು. ಎಲ್ವೆಡ್ ಕಾಲಿಡದಿದ್ದ ಕೋಣೆ ಅಂತ ಈ ಲೋಕದಲ್ಲಿ ಇದ್ದದ್ದು ಅದೊಂದೇ. ಶನಿವಾರ ಅವನು ಮೈದಾನದ ಅಂಚಿನಲ್ಲಿ ಕೂಗಾಡುತ್ತಿದ್ದರೆ, ಅವಳು ಪ್ರೇಕ್ಷಕರ ಮೆಟ್ಟಿಲುಗಳ ಮೇಲೆ ಹೆಂಗಸರ ನಡುವೆ ನಿಂತು ಗಂಟಲು ಬಿಚ್ಚಿ ಹಾಡುತ್ತಿದ್ದಳು. ವಾರದಲ್ಲಿ ಅಷ್ಟು ಹೊತ್ತು ಅವಳು ಯಾರ ಹೆಂಡತಿಯೂ ಅಲ್ಲ.

"ಮಿಸೆಸ್ ಪ್ರಾಸರ್, ನಿಮ್ಮ ಯಜಮಾನರು ಮನೆಯಲ್ಲಿ ಹೇಗಿದ್ರು?"

ವಕೀಲೆಯ ದನಿ ಮೃದುವಾಗಿತ್ತು. ಬೋನಿನಲ್ಲಿಟ್ಟ ಬೆಣ್ಣೆ ಅದು ಎಂದು ಡೆಲಿತ್‌ಗೆ ತಿಳಿಯದೆ ಇರಲಿಲ್ಲ. ಆದರೂ ಆ ಪ್ರಶ್ನೆ ಕಿವಿಗೆ ಬಿದ್ದದ್ದೇ ಅವಳ ಎದೆಯಲ್ಲಿ ಏನೋ ಸಡಿಲವಾಯಿತು.

"ಕೆಟ್ಟೋನಾಗಿದ್ದ. ಕೈ ಮಾಡ್ತಿದ್ದ."

"ಅವತ್ತು ಯಾರಾದ್ರೂ ಎದ್ದು ಹಾಗಂದ್ರಾ?"

"ಯಾರು ಅಂತಾರೆ? ಮಣ್ಣಿನ ಚಹಾ ಅದು."

"ಅಂದ್ರೆ ಅಲ್ಲಿ ಆಡಿದ ಮಾತನ್ನ ಆಮೇಲೆ ಯಾರೂ ಹಿಡಿದು ಕೇಳೋದಿಲ್ಲ?"

ಇಲ್ಲಿಗೆ ಬಾಯಿ ಮುಚ್ಚಿದ್ದರೂ ನಡೆಯುತ್ತಿತ್ತೇನೋ. ಕಟ್ಟಿಟ್ಟ ನೀರು ಒಮ್ಮೆ ದಾರಿ ಕಂಡ ಮೇಲೆ ನಿಲ್ಲುವುದುಂಟೇ?

"ಹಿಡಿದು ಕೇಳೋ ಮಾತಾ ಅವು? ಅಲ್ಲಿ ಹೇಳಿದ್ದೆಲ್ಲ ನಿಜ ಅಂದ್ಕೊಂಡ್ರೆ, ತಾಯಿ, ನಾನು ಇಷ್ಟು ವರ್ಷ ದೇವರ ಜೊತೆ ಸಂಸಾರ ಮಾಡಿದೀನಿ ಅಂತಾಯ್ತು!"

ಮಂಡಳಿಯ ಕಡೆಯವರು ಗೊಳ್ಳೆಂದು ನಕ್ಕರು. ಅವಳಿಗೂ ನಗು ಬಂತು. ಬ್ರಿನ್‌ಹೆಲಿಯ ಬೆಂಚುಗಳಲ್ಲಿ ಒಬ್ಬರೂ ನಗಲಿಲ್ಲವೆಂದು ಗಮನಕ್ಕೆ ಬಂದದ್ದು ಆಮೇಲೆ. ವಕೀಲೆ ತಲೆಬಾಗಿ ಥ್ಯಾಂಕ್ಸ್ ಹೇಳಿ ಕೂತಳು.

ವಾಪಸು ಬರುವ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿತ್ತು. ಊರು ಹತ್ತಿರವಾದಾಗ ಯೋರ್ವರ್ತ್ ಬಂದು ಕೂತ.

"ಹೌದು ಅಂದಿದ್ರೆ ಮುಗೀತಿತ್ತಲ್ಲ, ಡೆಲ್."

"ಬೈಬಲ್ ಮುಟ್ಟಿದ್ದೆ ಯೋರಿ. ಸುಳ್ಳಾಗ್ತಿತ್ತು."

"ನಲವತ್ತು ವರ್ಷ ಹೇಳ್ಲಿಲ್ವಾ ಸುಳ್ಳು? ಮೆಟ್ಲಿಂದ ಬಿದ್ದೆ, ಕಪಾಟು ತಾಗ್ತು ಅಂತ? ಇನ್ನೊಂದು ದಿನ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಅದು ನಾನಾಗೇ ಹೇಳಿದ್ದು. ಕೇಳಿದೋರು ಯಾರು? ನೀನು ಕೇಳಿದ್ಯಾ? ನಿಮ್ಮಮ್ಮ ಕೇಳಿದ್ಲಾ? ಅವನು ಹೆಂಗಿದ್ದ ಅಂತ ನನ್ನನ್ನ ಒಬ್ರು ಕೇಳಿದ್ದು ಇವತ್ತೇ ಮೊದ್ಲು."

"ಕೇಳಿದ್ದು ನಿನ್ನ ಮೇಲಿನ ಕರುಣೆಯಿಂದ ಅಲ್ಲ ಕಣೆ."

"ಗೊತ್ತು," ಅಂದಳು ಡೆಲಿತ್. "ಗೊತ್ತಿದ್ದೇ ಹೇಳ್ದೆ."

ಯೋರ್ವರ್ತ್ ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತ. ಹೋಗುವಾಗ ದನಿ ಮಾತ್ರ ಎತ್ತರಿಸಲಿಲ್ಲ. ಆ ವಿಷಯದಲ್ಲಿ ಅವನು ಅಣ್ಣನಂಥವನಲ್ಲ.

ತೀರ್ಪು ಬೇಸಿಗೆಗೆ ಮುಂಚೆ ಬಂತು. ದುಃಖದ ಮನೆಯಲ್ಲಿ ಸಮಾಧಾನಕ್ಕೆ ಆಡಿದ ಮಾತು ಕರಾರಾಗದು, ಕ್ಲಬ್ಬಿನ ಸಾಕ್ಷಿಯೇ ಹಾಗೆ ಹೇಳಿದ್ದಾಳೆ ಎಂದು ನ್ಯಾಯಾಧೀಶರು ಬರೆದಿದ್ದರು. ಆಟಗಾರರು ಇಂಗ್ಲೆಂಡಿಗೂ ಫ್ರಾನ್ಸಿಗೂ ಚದುರಿಹೋದರು. ಬ್ರೆಡ್ಡಿನ ಅಂಗಡಿಯಲ್ಲಿ ಡೆಲಿತ್ ಒಳಬಂದರೆ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಎಲ್ವೆಡ್ ಹೊಡೆಯುತ್ತಿದ್ದನೆಂದು ಊರು ಸಿಟ್ಟಾಗಲಿಲ್ಲ. ಅದನ್ನು ಹೇಳಿದಳೆಂದು ಸಿಟ್ಟಾಯಿತು. ಊರಿನ ಮೇಲೆ ಅವಳಿಗೂ ಸಿಟ್ಟಿತ್ತು. ಆದರೆ ಒಗೆಯುವ ಕೋಣೆಯ ಬೀಗದ ಕೈ ಹಿಂತಿರುಗಿಸಿ ಬಂದ ದಿನ ಅವಳು ಬಾಗಿಲು ಹಾಕಿಕೊಂಡು ಅತ್ತದ್ದು ತನ್ನ ಮೇಲಿನ ಸಿಟ್ಟಿಗೆ.

ಸೆಪ್ಟೆಂಬರಿನ ಒಂದು ಶನಿವಾರ ಯೋರ್ವರ್ತ್ ಬಾಗಿಲು ತಟ್ಟಿದ. ಜೊತೆಗೊಬ್ಬ ಲಾರಿಯವನು. ಇಬ್ಬರೂ ಸೇರಿ ಕಂಬಳಿ ಸುತ್ತಿದ ದೊಡ್ಡದೊಂದು ಚೌಕಟ್ಟನ್ನು ಒಳಗೆ ತಂದರು.

"ಕ್ಲಬ್ಬಿನ ಸಾಮಾನೆಲ್ಲ ಹರಾಜಿಗೆ ಹೋಯ್ತು," ಎಂದ. "ನಮ್ಮಣ್ಣನ ಈ ಪಟಾನ ಮಾತ್ರ ಯಾರೂ ಕೂಗ್ಲಿಲ್ಲ. ನಿನ್ನ ಸಾಕ್ಷಿ ಆದ್ಮೇಲೆ ಗೋಡೆಗೆ ಹಾಕೋರು ಯಾರಿದಾರೆ? ನಿನ್ನ ಗಂಡ, ನೀನೇ ಇಟ್ಕೋ."

"ನಂಗೆ ಬೇಡ ಯೋರಿ."

"ನಂಗೂ ಬೇಡ ಕಣೆ. ಹಂಗಂತ ನಮ್ಮಣ್ಣನ್ನ ಬೀದೀಲಿ ಬಿಟ್ಟು ಹೋಗ್ಲಾ?"

ಹಜಾರ ಇಕ್ಕಟ್ಟು, ಮೆಟ್ಟಿಲು ಇನ್ನೂ ಇಕ್ಕಟ್ಟು. ಚೌಕಟ್ಟು ಹಿಡಿಸಿದ್ದು ಅಡುಗೆಮನೆಯಲ್ಲಿ ಮಾತ್ರ. ಕಂಬಳಿ ಲಾರಿಯವನದು, ಅವನು ಎಳೆದುಕೊಂಡು ಹೋದ.

ಮಧ್ಯಾಹ್ನ ಮೂರಾಯಿತು. ಪಂದ್ಯ ಶುರುವಾಗುವ ಹೊತ್ತು. ಮೈದಾನದ ಕಡೆಯಿಂದ ಏನೂ ಕೇಳಲಿಲ್ಲ. ಬಾಗಿಲಿಗೊರಗಿ ಎಲ್ವೆಡ್ ನಿಂತಿದ್ದ, ಕಂಕುಳಲ್ಲಿ ಚೆಂಡು, ಎದೆಯ ಮೇಲೆ ಅವಳೇ ಒಗೆದ ಅಂಗಿ. ಶನಿವಾರ ಮಧ್ಯಾಹ್ನ ಅವನು ಮನೆಯಲ್ಲಿದ್ದದ್ದು ಅದೇ ಮೊದಲು. ಡೆಲಿತ್ ಒಲೆಯ ಮೇಲೆ ನೀರಿಟ್ಟಳು, ರೂಢಿ ತಪ್ಪದೆ ಎರಡು ಕಪ್ಪು ತೆಗೆದಳು, ಒಂದನ್ನು ಮತ್ತೆ ಒಳಗಿಟ್ಟಳು. ಆಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಅವನಿಗೆ ಬೆನ್ನು ಹಾಕಿ ಕೂತಳು.