ಹಿಂದಿನ ಗೋಡೆಯ ಕನ್ನಡಿ

ಕಟಿಂಗ್ ಶಾಪಿನವನ ತಲೆಯೇ ಬೋಳಾದರೆ ಗಿರಾಕಿಗಳ ಬಾಯಿಗೆ ಬೀಗವಿರುವುದಿಲ್ಲ. ಎದುರಿಗೆ ಹೊಸ ಸಲೂನು ತೆರೆದ ಮೇಲಂತೂ ನಮ್ಮ ರಿಟೈರ್ಡ್ ಮೇಷ್ಟ್ರು ಕುರ್ಚಿ ಹತ್ತುವಾಗಲೆಲ್ಲ, "ನಿನ್ ತಲೆ ನೋಡಿದ್ರೆ ನನ್ ತಲೆ ನಿನ್ ಕೈಗೆ ಕೊಡೋಕೆ ಭಯ ಆಗುತ್ತೆ ಕಣಯ್ಯಾ" ಎನ್ನುತ್ತಿದ್ದರು. ಅವರೂ ಎದುರಿನವನ ಪಾಲಾಗುತ್ತಾರೆಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಪ್ಪ ಕಟ್ಟಿದ ಅಂಗಡಿ ಅದು. ಅಪ್ಪನೂ ಬೋಳನೇ, ಸಾಯುವವರೆಗೂ ಹಿಂದಿನ ಗೋಡೆಯ ಬೆಂಚಿನಲ್ಲಿ ಕೂತು ನನ್ನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದ.

ಕೂದಲು ನೆಡಿಸಿಕೊಳ್ಳುತ್ತೇನೆ ಎಂದಾಗ ಹೆಂಡತಿ, "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂತಾರೆ. ನಿಮಗೆ ಜುಟ್ಟೂ ಇಲ್ವಲ್ರೀ!" ಎಂದಳು.

ಡಾಕ್ಟರು ಪೆನ್ನಿನಿಂದ ನನ್ನ ತಲೆಯ ಮೇಲೆ ಗೆರೆ ಎಳೆದರು. "ಹಿಂದಲೆಯಿಂದ ತೆಗೆದು ನೆಡಬೇಕು. ಅಲ್ಲಿ ಇರೋದೇ ಕಮ್ಮಿ. ಎಲ್ಲಾ ಕಡೆ ತೆಳ್ಳಗೆ ಹಾಕೋಣ."

"ಬೇಡ ಸಾರ್, ಎಲ್ಲಾ ಮುಂದಕ್ಕೇ ಹಾಕಿ."

"ನೆತ್ತಿ ಬೋಳಾಗೇ ಉಳಿಯುತ್ತಲ್ಲಾ?"

"ನಾನು ಗಿರಾಕಿ ಹಿಂದೆ ನಿಂತಿರ್ತೀನಿ. ಅವರು ನನ್ನ ನೋಡೋದು ಎದುರಿನ ಕನ್ನಡೀಲಿ. ನನ್ನ ನೆತ್ತಿ ಯಾರಿಗೆ ಕಾಣುತ್ತೆ?"

ಮೂವತ್ತು ವರ್ಷದ ಅನುಭವದ ಮಾತು. ಡಾಕ್ಟರು ಒಪ್ಪಿದರು. ಬೋರಲು ಮಲಗಿಸಿ ಕಿತ್ತರು, ಅಂಗಾತ ಮಲಗಿಸಿ ನೆಟ್ಟರು. ಮೂರನೇ ವಾರ ನೆಟ್ಟಿದ್ದೆಲ್ಲ ಉದುರಿತು. ಹೆಂಡತಿ ದಿಂಬು ಕೊಡವುತ್ತಾ ನಕ್ಕಳು. ನನಗೆ ಅಳುವೇ ಬಂತು. ಪುಣ್ಯಕ್ಕೆ ಬೇರು ಉಳಿದಿತ್ತು. ಟೋಪಿ ಹಾಕಿಕೊಂಡೇ ವರ್ಷ ತಳ್ಳಿದೆ. ಅಷ್ಟರಲ್ಲಿ ಹಣೆಯ ಮೇಲೆ ದಟ್ಟ ಕ್ರಾಪು ಎದ್ದಿತ್ತು.

ಟೋಪಿ ತೆಗೆದ ದಿನ ಮೇಷ್ಟ್ರು ಕನ್ನಡಿಯಲ್ಲಿ ನನ್ನನ್ನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ನಾನು ಉಬ್ಬಿಹೋದೆ. ಆಮೇಲೆ ಅವರು ಕತ್ತು ಓರೆ ಮಾಡಿದರು.

"ಮುಂದಿರೋ ಹುಡುಗ ನೀನು, ಸರಿ. ಹಿಂದೆ ನಿಂತಿರೋ ಬೋಳ ಯಾರಯ್ಯಾ?"

ಗಿರಾಕಿಗಳು ತಮ್ಮ ಹಿಂದಲೆ ತಾವೇ ನೋಡಿಕೊಳ್ಳಲಿ ಎಂದು ಹಿಂದಿನ ಗೋಡೆಗೂ ದೊಡ್ಡ ಕನ್ನಡಿ ಹಾಕಿಸಿದವನು ನಾನೇ. ಕತ್ತರಿ ಹಿಡಿದಾಗ ನನ್ನ ಕಣ್ಣು ಗಿರಾಕಿಯ ತಲೆ ಬಿಟ್ಟು ಆಚೆ ಹೋಗಿದ್ದರೆ ತಾನೇ! ಈಗ ನೋಡಿದೆ. ಎದುರಿನ ಕನ್ನಡಿಯೊಳಗೆ ಹಿಂದಿನ ಕನ್ನಡಿ, ಅದರೊಳಗೆ ನನ್ನ ನೆತ್ತಿ, ತೊಳೆದಿಟ್ಟ ತಟ್ಟೆಯ ಹಾಗೆ.

ನಾಚಿಕೆಯಿಂದ ಭೂಮಿಗಿಳಿದು ಹೋದೆ. ಆದರೆ ಆ ಬೋಳು ಅಪ್ಪನದೇ. ಅದೇ ಆಕಾರ, ಅದೇ ಹೊಳಪು, ಅವನ ಬೆಂಚಿನ ಮೇಲುಗಡೆಯೇ. ಅವನು ಹೋಗಿ ಹನ್ನೊಂದು ವರ್ಷವಾಗಿತ್ತು.

"ನಮ್ಮಪ್ಪ, ಮೇಷ್ಟ್ರೇ," ಎಂದೆ. "ಕೆಲಸ ನೆಟ್ಟಗೆ ಮಾಡ್ತಿದೀನಾ ಅಂತ ನೋಡೋಕೆ ಬಂದಿದಾನೆ."

ಮೇಷ್ಟ್ರು ನಗಲಿಲ್ಲ. ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು.

"ಅವನು ನೋಡ್ತಿದ್ರೆ ನಂಗ್ಯಾವ ಭಯ? ಕತ್ತರಿಸು."